ತೊಗರಿ ಹೊಲದ ನೀರು ಇಳಿದ ಮೇಲೆ: ಬೆಳೆ ಹಾನಿ ಪರಿಹಾರ ಖಾತೆಗೆ ಬರುವವರೆಗೆ

ಹೊಲಕ್ಕೆ ನೀರು ನುಗ್ಗಿದ ಮೂರನೇ ದಿನ ತೊಗರಿ ಇನ್ನೂ ಹಸಿರಾಗಿಯೇ ನಿಂತಿರುತ್ತದೆ. ಬದುವಿನ ಮೇಲೆ ನಿಂತು ನೋಡಿದರೆ ಬೆಳೆಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಒಂದು ಗಿಡ ಕಿತ್ತು ನೋಡಬೇಕು. ಬೇರು ಕಂದಿ ಮೆತ್ತಗಾಗಿರುತ್ತದೆ, ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಕಳಚಿ ಕೈಗೆ ಬರುತ್ತದೆ, ಕೆಸರಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಇನ್ನೊಂದು ವಾರದಲ್ಲಿ ಎಲೆ ಹಳದಿಯಾಗಿ ಜೋತುಬಿದ್ದು ಗಿಡ ನಿಂತಲ್ಲೇ ಒಣಗುತ್ತದೆ. ಹಾನಿ ಅಳೆಯಲು ಬರುವ ಜಂಟಿ ಸಮೀಕ್ಷೆಯವರು ಮೂರನೇ ದಿನ ನೋಡಿದ ಹೊಲಕ್ಕೂ ಹತ್ತನೇ ದಿನ ನೋಡಿದ ಹೊಲಕ್ಕೂ ಹಾನಿಯ ಅಂದಾಜು ಬೇರೆ ಬೇರೆ ಬರುವುದು ಇದರಿಂದಲೇ. ಹೆಸರು, ಉದ್ದು ಹಾಗಲ್ಲ, ಕಾಯಿಯೊಳಗೇ ಮೊಳಕೆ ಒಡೆದಿರುತ್ತವೆ, ಕಣ್ಣಿಗೆ ಕಾಣುತ್ತದೆ. ಈರುಳ್ಳಿ ಮಾತ್ರ ಎಲ್ಲಕ್ಕಿಂತ ಮೋಸದ್ದು. ಮೇಲೆ ತೊಪ್ಪಲು ನೆಟ್ಟಗೆ ನಿಂತಿರುತ್ತದೆ, ಒಳಗೆ ಗಡ್ಡೆ ಕೊಳೆತು ನೀರಾಗಿರುತ್ತದೆ.

2025ರ ಮುಂಗಾರಿನಲ್ಲಿ ಕಲಬುರಗಿ, ಬೀದರ್, ಯಾದಗಿರಿ, ವಿಜಯಪುರ ಜಿಲ್ಲೆಗಳಲ್ಲಿ ಸುರಿದ ಮಳೆ ಮತ್ತು ಭೀಮಾ ನದಿಯ ನೆರೆಗೆ ತೊಗರಿ, ಹತ್ತಿ, ಸೋಯಾ, ಹೆಸರು ಹಾಳಾದವು. ಪಹಣಿ ಹಿಡಿದುಕೊಂಡು ನಾಡಕಚೇರಿ, ರೈತ ಸಂಪರ್ಕ ಕೇಂದ್ರ, ಬ್ಯಾಂಕು ಎಂದು ಓಡಾಡುವ ರೈತರ ಜೊತೆ ಈ ದಾರಿ ನಡೆದಾಗ ಕಂಡದ್ದನ್ನು ಇಲ್ಲಿ ಬರೆದಿದ್ದೇವೆ. ಹಾನಿಯೇ ಆಗಿಲ್ಲವೆಂದು ಪರಿಹಾರ ತಪ್ಪಿದ್ದು ನಮಗೆ ಕಂಡಿದ್ದು ಕಡಿಮೆ. ಮಳೆ ಬರುವ ಮೊದಲೇ ಬರೆದಿಟ್ಟ ಯಾವುದೋ ದಾಖಲೆ ಹೊಲಕ್ಕೆ ಹೊಂದದೆ ತಪ್ಪಿದ್ದೇ ಹೆಚ್ಚು.

ಮೊದಲು ಲೆಕ್ಕ ತಿಳಿದುಕೊಳ್ಳೋಣ. ಸರ್ಕಾರದ ಭಾಷೆಯಲ್ಲಿ ಇದರ ಹೆಸರು ಇನ್‌ಪುಟ್ ಸಬ್ಸಿಡಿ. ಅಂದರೆ ಇದು ಕಳೆದುಹೋದ ಬೆಳೆಯ ಬೆಲೆ ಅಲ್ಲ, ಮತ್ತೆ ಬಿತ್ತಲು ಬೀಜ, ಗೊಬ್ಬರಕ್ಕೆ ಕೊಡುವ ನೆರವು. ರಾಜ್ಯ ವಿಪತ್ತು ಸ್ಪಂದನಾ ನಿಧಿಯ 2022-23ರಿಂದ 2025-26ರವರೆಗಿನ ಮಾರ್ಗಸೂಚಿಯಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500. ಬೆಳೆ ನಷ್ಟ ಶೇ 33 ಅಥವಾ ಅದಕ್ಕಿಂತ ಹೆಚ್ಚಿರಬೇಕು. 2015ಕ್ಕೆ ಮುಂಚೆ ಈ ಮಿತಿ ಶೇ 50 ಇತ್ತು. ಒಬ್ಬ ರೈತನಿಗೆ ಎಷ್ಟೇ ಹೊಲ ಇದ್ದರೂ ಎರಡು ಹೆಕ್ಟೇರ್‌ವರೆಗೆ ಮಾತ್ರ. ಇದಕ್ಕೆ ರಾಜ್ಯ ಸರ್ಕಾರ ತನ್ನ ಕಡೆಯಿಂದ ಸೇರಿಸಿದ ವರ್ಷಗಳೂ ಇವೆ. 2021ರಲ್ಲಿ ಮಳೆಯಾಶ್ರಿತಕ್ಕೆ 13,600, ನೀರಾವರಿಗೆ 25,000, ತೋಟದ ಬೆಳೆಗೆ 28,000 ಎಂದು ಏರಿಸಿತ್ತು. 2025ರ ಸೆಪ್ಟೆಂಬರ್ ಕೊನೆಗೆ ಎಲ್ಲ ವರ್ಗಕ್ಕೂ ಹೆಕ್ಟೇರಿಗೆ 8,500 ಹೆಚ್ಚಿಸಿ 17,000, 25,500, 31,000 ಎಂದು ಘೋಷಿಸಿತು. ಈ ಹೆಚ್ಚುವರಿ ಮೊತ್ತ ಪ್ರತಿ ವರ್ಷವೂ ಇರುವುದಿಲ್ಲ. ಆಯಾ ವರ್ಷದ ಆದೇಶ ನೋಡಿಯೇ ಲೆಕ್ಕ ಹಾಕಬೇಕು.

ರೈತರು ಲೆಕ್ಕ ಹಾಕುವುದು ಎಕರೆ, ಗುಂಟೆಯಲ್ಲಿ. ಕಾಗದ ಬರುವುದು ಹೆಕ್ಟೇರಿನಲ್ಲಿ. ಒಂದು ಹೆಕ್ಟೇರ್ ಅಂದರೆ ಎರಡು ಎಕರೆ ಹತ್ತೊಂಬತ್ತು ಗುಂಟೆಗೆ ತುಸು ಕಡಿಮೆ. ಗುಂಟೆಗೆ ಇಳಿಸಿದರೆ 8,500ರ ದರಕ್ಕೆ 86 ರೂಪಾಯಿ, 17,000ಕ್ಕೆ 172, 22,500ಕ್ಕೆ 227 ಚಿಲ್ಲರೆ. ಮೂರು ಎಕರೆ ಇಪ್ಪತ್ತು ಗುಂಟೆ ಮಳೆಯಾಶ್ರಿತ ತೊಗರಿ ಪೂರ್ತಿ ಹೋಯಿತೆನ್ನಿ. 140 ಗುಂಟೆಗೆ 86ರಂತೆ 12,040 ರೂಪಾಯಿ. 2025ರ ದರದಲ್ಲಿ ಅದರ ಎರಡರಷ್ಟು, 24,080. ಎರಡು ಹೆಕ್ಟೇರಿನ ಮಿತಿ ಅಂದರೆ ನಾಲ್ಕು ಎಕರೆ ಮೂವತ್ತೇಳು ಗುಂಟೆ ಚಿಲ್ಲರೆ. ಹತ್ತು ಎಕರೆ ಮುಳುಗಿದವರಿಗೂ ಅಷ್ಟಕ್ಕೇ ಲೆಕ್ಕ. ಬಂದ ಹಣ ಈ ಲೆಕ್ಕಕ್ಕೆ ಹೊಂದದಿದ್ದರೆ ಮೂರು ಕಡೆ ನೋಡಿ. ಪಹಣಿಯ ಮೂರನೇ ಕಾಲಂನಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟು ಕಳೆದಿದ್ದಾರೆ? ಹಾನಿ ವಿಸ್ತೀರ್ಣವೆಂದು ಇಡೀ ಹೊಲ ಬರೆದಿದ್ದಾರೋ, ತಗ್ಗಿನ ಭಾಗ ಮಾತ್ರವೋ? ನೀರಾವರಿ ಎಂದು ಹಾಕಿದ್ದಾರೋ, ಮಳೆಯಾಶ್ರಿತ ಎಂದೋ? ಈ ಮೂರನೆಯದರಲ್ಲೇ ಅರ್ಧಕ್ಕರ್ಧ ಹಣ ಹೋಗುತ್ತದೆ. ಬೋರ್‌ವೆಲ್ ಕೊರೆಸಿ ಆರು ವರ್ಷ ಆಗಿರುತ್ತದೆ, ದಾಖಲೆಯಲ್ಲಿ ಮಾತ್ರ ಹೊಲ ಇನ್ನೂ ಖುಷ್ಕಿ.

ಇನ್ನೊಂದು ಗೊಂದಲವೂ ಇದೆ. ಈರುಳ್ಳಿ, ಮೆಣಸಿನಕಾಯಿ, ಟೊಮೆಟೊ ತೋಟಗಾರಿಕೆ ಇಲಾಖೆಗೆ ಸೇರಿದ ಬೆಳೆಗಳು ನಿಜ, ಹಾಗೆಂದು ಬಹುವಾರ್ಷಿಕ ದರ ಅವಕ್ಕೆ ಸಿಗುವುದಿಲ್ಲ. ಆ ದರ ನಿಂಬೆ, ದಾಳಿಂಬೆ, ದ್ರಾಕ್ಷಿ, ಮಾವಿನಂಥ ಗಿಡಗಳಿಗೆ.

ಈಗ ದಾಖಲೆಗೆ ಬರೋಣ. ಮೊದಲನೆಯದು ಬೆಳೆ ಸಮೀಕ್ಷೆ. ಮುಂಗಾರು, ಹಿಂಗಾರು, ಬೇಸಿಗೆ ಎಂದು ಪ್ರತಿ ಹಂಗಾಮಿನಲ್ಲೂ ಪ್ರತಿ ಸರ್ವೆ ನಂಬರಿನ ಹಿಸ್ಸಾವಾರು ಬೆಳೆಯನ್ನು ಹೊಲದಲ್ಲೇ ನಿಂತು ಫೋಟೊ ಸಮೇತ ಮೊಬೈಲ್ ಆ್ಯಪ್‌ಗೆ ಏರಿಸುತ್ತಾರೆ. 2020ರಿಂದ ರೈತರೇ ಏರಿಸಬಹುದು. ರೈತರು ಬಿಟ್ಟ ಹೊಲಗಳನ್ನು ಪಿಆರ್ ಎಂದು ಕರೆಯುವ ಊರಿನ ಹುಡುಗರು ಮಾಡುತ್ತಾರೆ. ದಿನಕ್ಕೆ ಎಷ್ಟೋ ಹೊಲ ಮುಗಿಸಬೇಕಾದ ಹುಡುಗ ಎರೆ ಹೊಲದ ಕೆಸರಿಗೆ ಇಳಿಯದೆ ಬದುವಿನ ಮೇಲಿಂದಲೇ ಫೋಟೊ ತೆಗೆದರೆ ಪಕ್ಕದ ಹೊಲದ ಬೆಳೆ ನಿಮ್ಮ ನಂಬರಿಗೆ ಕೂರುತ್ತದೆ. ತೊಗರಿ ನಡುವೆ ಹೆಸರು ಅಕ್ಕಡಿ ಹಾಕಿದ್ದರೆ ಒಂದೇ ಬೆಳೆ ಬರೆದು ಮುಗಿಸಿರುವುದೂ ಉಂಟು. ಎಲ್ಲಕ್ಕಿಂತ ಕೆಟ್ಟದ್ದು ‘ಬೀಳು’ ಎಂದು ಬರೆದುಬಿಡುವುದು. ಬಿತ್ತಿಯೇ ಇಲ್ಲವೆಂದು ದಾಖಲಾದ ಹೊಲದಲ್ಲಿ ಬೆಳೆ ಹಾನಿ ಹೇಗೆ ಆದೀತು? ಗ್ರಾಮ ಆಡಳಿತಾಧಿಕಾರಿ ಆಮೇಲೆ ಹಾನಿ ವಿವರ ತುಂಬಲು ಕುಳಿತಾಗ ನೋಡುವುದು ಇದೇ ದಾಖಲೆ.

ಏನು ಬರೆದಿದ್ದಾರೆಂದು ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ನೋಡಬಹುದು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಕೊಟ್ಟರೆ ಬೆಳೆ, ವಿಸ್ತೀರ್ಣ, ಫೋಟೊ ಎಲ್ಲ ಬರುತ್ತವೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಆದರೆ ಅದಕ್ಕೆ ಗಡುವು ಇದೆ. ಹಂಗಾಮಿನ ಸಮೀಕ್ಷೆ ಅಂತಿಮವಾದ ಮೇಲೆ ತಿದ್ದಿಸುವುದು ಬಲು ಕಷ್ಟ. ಆದ್ದರಿಂದ ಬಿತ್ತಿ ಬೆಳೆ ಗುರುತು ಸಿಗುವಷ್ಟು ಬೆಳೆದ ಕೂಡಲೇ ಮನೆಯ ಮಕ್ಕಳ ಫೋನಿನಲ್ಲಿ ಒಮ್ಮೆ ತೆಗೆದು ನೋಡಿಬಿಡಿ. ಐದು ನಿಮಿಷದ ಕೆಲಸ. ಇಡೀ ವ್ಯವಹಾರದಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಹೆಚ್ಚು ಫಲ ಕೊಡುವ ಕೆಲಸ ಬೇರೊಂದಿಲ್ಲ.

ಎರಡನೆಯದು ಎಫ್‌ಐಡಿ, ಅಂದರೆ ರೈತರ, ಅವರ ಜಮೀನಿನ ವಿವರ ಇಡುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನಿಗೆ ಕೊಟ್ಟ ಗುರುತಿನ ಸಂಖ್ಯೆ. ಬಹಳಷ್ಟು ಜನ ‘ನಮಗೆ ಎಫ್‌ಐಡಿ ಆಗಿದೆ’ ಎಂದು ನಿಶ್ಚಿಂತೆಯಿಂದ ಇರುತ್ತಾರೆ. ಎಫ್‌ಐಡಿ ಆಗಿರುವುದು ಬೇರೆ, ಅದರೊಳಗೆ ನಿಮ್ಮ ಎಲ್ಲ ಸರ್ವೆ ನಂಬರ್‌ಗಳು ಸೇರಿರುವುದು ಬೇರೆ. ಮನೆ ಹತ್ತಿರದ ಎರಡು ಎಕರೆ ಸೇರಿರುತ್ತದೆ, ಹಳ್ಳದ ದಂಡೆಯ ಮೂರು ಎಕರೆ ಬಿಟ್ಟುಹೋಗಿರುತ್ತದೆ. ನೆರೆ ಬಂದಾಗ ಮುಳುಗುವುದು ಹಳ್ಳದ ದಂಡೆಯದೇ. ರೈತ ಸಂಪರ್ಕ ಕೇಂದ್ರಕ್ಕೆ ಎಲ್ಲ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಒಯ್ದು ಬಿಟ್ಟುಹೋದ ನಂಬರ್ ಸೇರಿಸಿಸಬೇಕು. ಪಕ್ಕದ ತಾಲ್ಲೂಕಿನಲ್ಲಿರುವ ಹೊಲವನ್ನೂ ಇದೇ ಎಫ್‌ಐಡಿಗೆ ಸೇರಿಸಬೇಕು, ಬೇರೆ ಎಫ್‌ಐಡಿ ಮಾಡಿಸಬಾರದು.

“ನಮ್ಮ ಹೊಲ ಪಟ್ಟಿದಾಗ ಬಂದಿಲ್ರಿ ಸರ, ಬಾಜೂ ಹೊಲದವರಿಗೆ ಬಂದೈತಿ.”

“ಅಜ್ಜಾರ, ಪಹಣಿ ಯಾರ ಹೆಸರಿಗೆ ಐತ್ರಿ?”

“ನಮ್ಮಪ್ಪನ ಹೆಸರಿಗೇ ಐತ್ರಿ. ಅವ ತೀರಿ ಹನ್ನೆರಡು ವರ್ಷ ಆತು.”

ಇಂಥ ಮಾತು ಪ್ರತಿ ನಾಡಕಚೇರಿಯ ಕಿಟಕಿಯಲ್ಲೂ ಕೇಳುತ್ತದೆ. ತೀರಿಹೋದವರ ಹೆಸರಿನ ಪಹಣಿಗೆ ಆಧಾರ್ ಜೋಡಣೆ ಆಗದು, ಎಫ್‌ಐಡಿ ಆಗದು, ಹಣವೂ ಬರದು. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಪೌತಿ ಖಾತೆ ಮಾಡಿಸಿದರೆ, ಅಂದರೆ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಿಕೊಂಡರೆ ಮಾತ್ರ ದಾರಿ. ಅಕ್ಕತಂಗಿಯರ ಹೆಸರೂ ಸೇರುತ್ತದೆಂದು ಎಷ್ಟೋ ಮನೆಗಳಲ್ಲಿ ಇದನ್ನು ವರ್ಷಗಟ್ಟಲೆ ಮುಂದೂಡುತ್ತಾರೆ. ಅವರ ಹಕ್ಕು ಅವರದು, ಸೇರಲಿ. ಪಾಲು ವಿಭಾಗ ಆಮೇಲೆ ಮಾತಾಡಿಕೊಳ್ಳಬಹುದು, ಖಾತೆಯನ್ನು ಸತ್ತವರ ಹೆಸರಲ್ಲೇ ಇಟ್ಟರೆ ಯಾರಿಗೂ ಏನೂ ಸಿಗುವುದಿಲ್ಲ. ಅಣ್ಣತಮ್ಮಂದಿರ ಜಂಟಿ ಖಾತೆಯದು ಇನ್ನೊಂದು ಬಗೆ. ಒಂಬತ್ತನೇ ಕಾಲಂನಲ್ಲಿ ನಾಲ್ಕು ಹೆಸರು ಇದ್ದು ಯಾರಿಗೆಷ್ಟೆಂದು ವಿಸ್ತೀರ್ಣ ಒಡೆದಿರದಿದ್ದರೆ ಪರಿಹಾರ ಯಾರ ಹೆಸರಿಗೆ ಎಂಬ ಪ್ರಶ್ನೆ ಏಳುತ್ತದೆ. ಉಳಿದವರ ಒಪ್ಪಿಗೆ ಪತ್ರ ಕೇಳುತ್ತಾರೆ. ಒಬ್ಬ ತಮ್ಮ ಪುಣೆಗೋ ಬೆಂಗಳೂರಿಗೋ ದುಡಿಯಲು ಹೋಗಿದ್ದರೆ ಆ ಒಂದು ಸಹಿಗೆ ಗಡುವು ಮುಗಿಯುತ್ತದೆ. ದೀಪಾವಳಿ, ಜಾತ್ರೆಗೆ ಎಲ್ಲರೂ ಊರಿಗೆ ಬಂದಾಗಲೇ ಇದನ್ನು ಮಾಡಿಟ್ಟುಕೊಂಡವರು ಜಾಣರು.

ಹಾನಿ ಆದ ದಿನ ಏನು ಮಾಡಬೇಕು? ನೀರು ನಿಂತಾಗಲೇ ಫೋಟೊ ತೆಗೆಯಿರಿ. ಸ್ಥಳ, ದಿನಾಂಕ, ಅಕ್ಷಾಂಶ ರೇಖಾಂಶ ಚಿತ್ರದ ಮೇಲೇ ಮೂಡುವ ಜಿಪಿಎಸ್ ಕ್ಯಾಮೆರಾ ಆ್ಯಪ್ ಇದ್ದರೆ ಒಳ್ಳೆಯದು. ಬದುವಿನ ಮೇಲಿಂದ ಇಡೀ ಹೊಲ ಕಾಣುವಂತೆ ಒಂದು, ಹೊಲದ ನಡುವಿಂದ ಒಂದು, ಕಿತ್ತ ಗಿಡದ ಬೇರು ಅಂಗೈ ಮೇಲಿಟ್ಟು ಒಂದು, ಪಕ್ಕದ ಮರ, ಬಾವಿ, ಒಡ್ಡಿನಂಥ ಗುರುತು ಕಾಣುವಂತೆ ಒಂದು. ನೀರು ಇಳಿದ ಮೇಲೆ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆಯಿರಿ, ಒಂದು ವಾರ ಬಿಟ್ಟು ಮತ್ತೆ. ತೊಗರಿಯ ವಿಷಯದಲ್ಲಿ ಈ ವಾರ ಬಿಟ್ಟು ತೆಗೆದ ಫೋಟೊ ತುಂಬ ಮುಖ್ಯ. ಮೊದಲ ಭೇಟಿಯಲ್ಲಿ ಶೇ 33ಕ್ಕಿಂತ ಕಡಿಮೆ ಎಂದು ಬರೆದಿದ್ದರೆ ಮರುಪರಿಶೀಲನೆ ಕೇಳಲು ಅದೇ ಆಧಾರ. ಸಮೀಕ್ಷೆ ಆಗುವ ತನಕ ಹೊಲ ಹರಗಬೇಡಿ. ಹಿಂಗಾರಿಗೆ ಜೋಳ, ಕಡಲೆ ಬಿತ್ತುವ ಹದ ತಪ್ಪುತ್ತದೆಂದು ಅವಸರಪಟ್ಟು ಹರಗಿದ ಹೊಲದಲ್ಲಿ ಬಂದವರಿಗೆ ಕಾಣುವುದು ಬರೀ ಮಣ್ಣು. ಕಾಯಲು ಆಗದೇ ಹೋದರೆ ಒಂದು ಮೂಲೆಯಲ್ಲಿ ನಾಲ್ಕೈದು ಸಾಲಾದರೂ ಹಾಗೇ ಬಿಡಿ.

ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರು ಸೇರಿ ಮಾಡುವುದೇ ಜಂಟಿ ಸಮೀಕ್ಷೆ. ನೆರೆ, ಅತಿವೃಷ್ಟಿ, ಆಲಿಕಲ್ಲಿಗೆ ಹೊಲದಿಂದ ಹೊಲಕ್ಕೆ ಹೋಗಿ ಬರೆಯಬೇಕು. ಅವರು ಬರುವ ದಿನ ಊರಲ್ಲಿ ಡಂಗುರ ಹೊಡೆಸಿಯೇ ಇರುತ್ತಾರೆಂಬ ಭರವಸೆ ಇಲ್ಲ, ಗ್ರಾಮ ಸಹಾಯಕರ ಹತ್ತಿರ ವಿಚಾರಿಸುತ್ತಿರಬೇಕು. ಹೊಲದಲ್ಲಿ ಖುದ್ದು ನಿಂತು ಸರ್ವೆ ನಂಬರ್, ಹಿಸ್ಸಾ, ಎಷ್ಟು ಎಕರೆ ಗುಂಟೆ, ನೀರಾವರಿಯೋ ಅಲ್ಲವೋ ಎಂಬುದನ್ನು ಬಾಯಿಬಿಟ್ಟು ಹೇಳಬೇಕು, ಅವರು ಬರೆದುಕೊಂಡದ್ದನ್ನು ಓದಿಸಿ ಕೇಳಬೇಕು. ಇದರಲ್ಲಿ ಸಂಕೋಚ ಬೇಡ. ಒಬ್ಬ ಗ್ರಾಮ ಆಡಳಿತಾಧಿಕಾರಿಯ ಮೇಲೆ ಹಲವು ಊರುಗಳ ಭಾರ ಇರುತ್ತದೆ. ಸಾವಿರಾರು ನಂಬರುಗಳ ನಡುವೆ 47/2 ಇದ್ದದ್ದು 47/3 ಆಗಲು ಕೆಟ್ಟ ಮನಸ್ಸೇ ಬೇಕಿಲ್ಲ.

ಹೊಲದ ಬೆಳೆಯ ಜೊತೆ ಬೇರೆ ನಷ್ಟವೂ ಆಗಿದ್ದರೆ ಅದಕ್ಕೆ ಬೇರೆ ತಲೆಬರಹವಿದೆ, ಕೇಳದೆ ಯಾರೂ ಹೇಳುವುದಿಲ್ಲ. 2025-26ರವರೆಗಿನ ಅದೇ ಮಾರ್ಗಸೂಚಿಯಂತೆ ಮೂರು ಅಂಗುಲಕ್ಕಿಂತ ಹೆಚ್ಚು ಮರಳು, ಹೂಳು ಕೂತ ಜಮೀನಿನ ಹೂಳು ತೆಗೆಯಲು ಸಣ್ಣ, ಅತಿಸಣ್ಣ ರೈತರಿಗೆ ಹೆಕ್ಟೇರಿಗೆ 18,000. ನದಿ ದಿಕ್ಕು ಬದಲಿಸಿ ಜಮೀನೇ ಕೊಚ್ಚಿಹೋದರೆ 47,000. ಹಸು, ಎಮ್ಮೆ ಸತ್ತರೆ 37,500, ಎತ್ತಿಗೆ 32,000, ಕುರಿ, ಮೇಕೆಗೆ 4,000. ದನ ಹೂಳುವ ಮೊದಲು ಪಶುವೈದ್ಯರಿಗೆ ತೋರಿಸಿ ಮರಣೋತ್ತರ ಪರೀಕ್ಷೆಯ ವರದಿ ಪಡೆಯಬೇಕು, ಕಿವಿಯ ಓಲೆಯ ನಂಬರ್ ಕಾಣುವಂತೆ ಫೋಟೊ ತೆಗೆಯಬೇಕು.

ಸಮೀಕ್ಷೆ ಮುಗಿದ ಮೇಲೆ ವಿವರವನ್ನು ‘ಪರಿಹಾರ’ ತಂತ್ರಾಂಶಕ್ಕೆ ತುಂಬುತ್ತಾರೆ. ಪಟ್ಟಿಯನ್ನು ಗ್ರಾಮ ಪಂಚಾಯಿತಿ, ನಾಡಕಚೇರಿ, ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಿ ಆಕ್ಷೇಪಣೆ ಕರೆಯುತ್ತಾರೆ. ಈ ಕೆಲವು ದಿನ ಬಹಳ ಅಮೂಲ್ಯ. ಪಟ್ಟಿಯಲ್ಲಿ ಹೆಸರು ಇದೆಯೇ ಎಂದಷ್ಟೇ ನೋಡಿ ಬರಬೇಡಿ. ಸರ್ವೆ ನಂಬರ್, ಬೆಳೆ, ವಿಸ್ತೀರ್ಣ ಮೂರನ್ನೂ ನೋಡಿ, ಫೋನಿನಲ್ಲಿ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ತಪ್ಪಿದ್ದರೆ ತಹಶೀಲ್ದಾರರ ಹೆಸರಿಗೆ ಅರ್ಜಿ ಬರೆದು ಪಹಣಿ, ಫೋಟೊ ಲಗತ್ತಿಸಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ ಹಾಕಿಸಿಕೊಳ್ಳಬೇಕು. ಬಾಯಲ್ಲಿ ಹೇಳಿ ಬಂದದ್ದಕ್ಕೆ ಲೆಕ್ಕವಿಲ್ಲ.

ಕೊನೆಯ ತೊಡಕು ಬ್ಯಾಂಕಿನಲ್ಲಿ. ಹಣ ಹೋಗುವುದು ಆಧಾರ್ ಸಂಖ್ಯೆ ಹಿಡಿದು. ಆ ಆಧಾರ್‌ಗೆ ಯಾವ ಬ್ಯಾಂಕ್ ಎಂಬುದನ್ನು ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿ ತೋರಿಸುತ್ತದೆ. ‘ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನವರು ಹೇಳಿದರೆ ಅದು ಬರೀ ಕೆವೈಸಿ, ಅಂದರೆ ಗುರುತಿನ ಪರಿಶೀಲನೆ, ಆಗಿರಬಹುದು. ನೇರ ನಗದು ವರ್ಗಾವಣೆಗೆ ಬೇರೆಯೇ ಒಪ್ಪಿಗೆ ನಮೂನೆ ತುಂಬಿ ಎನ್‌ಪಿಸಿಐ ಜೋಡಣೆ ಮಾಡಿಸಬೇಕು. ಆಮೇಲೆ ಬೇರೆ ಬ್ಯಾಂಕಿನಲ್ಲಿ ಅದೇ ಜೋಡಣೆಗೆ ಒಪ್ಪಿಗೆ ಕೊಟ್ಟಿದ್ದರೆ ಹಣ ಆ ಕೊನೆಯ ಖಾತೆಗೆ ಹೋಗುತ್ತದೆ. ಎಂದೋ ಮೊಬೈಲ್ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟಾಗ ತೆರೆದ, ರೈತನಿಗೆ ನೆನಪೇ ಇಲ್ಲದ ಖಾತೆಗೆ ಹಣ ಜಮೆಯಾಗಿ ಕುಳಿತದ್ದನ್ನು ನಾವು ನೋಡಿದ್ದೇವೆ. ಆಧಾರ್‌ಗೆ ಜೋಡಿಸಿದ ಮೊಬೈಲ್‌ನಲ್ಲಿ ಆಧಾರ್ ಜಾಲತಾಣಕ್ಕೆ ಹೋಗಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಿದರೆ ಬ್ಯಾಂಕಿನ ಹೆಸರು ಬರುತ್ತದೆ. ‘ಡಿಬಿಟಿ ಕರ್ನಾಟಕ’ ಆ್ಯಪ್‌ನಲ್ಲಿ ಯಾವ ಹಣ ಯಾವ ದಿನ ಯಾವ ಬ್ಯಾಂಕಿಗೆ ಹೋಯಿತೆಂದು ತಿಳಿಯುತ್ತದೆ. ಪಾವತಿ ವಿಫಲ ಎಂದು ಇದ್ದರೆ ಕಾರಣವನ್ನು ಓದಿ. ಆಧಾರ್ ಜೋಡಣೆ ಇಲ್ಲವೆಂದರೆ ಬ್ಯಾಂಕಿಗೆ, ಹೆಸರು ಹೊಂದುತ್ತಿಲ್ಲವೆಂದರೆ ರೈತ ಸಂಪರ್ಕ ಕೇಂದ್ರಕ್ಕೆ, ಹೆಸರೇ ಇಲ್ಲವೆಂದರೆ ಗ್ರಾಮ ಆಡಳಿತಾಧಿಕಾರಿ ಹತ್ತಿರ. ಈ ಮೂರು ಬಾಗಿಲು ಬೇರೆ ಬೇರೆ. ತಪ್ಪು ಬಾಗಿಲಲ್ಲಿ ದಿನಗಟ್ಟಲೆ ನಿಂತು ಕೂಲಿ ಕಳೆದುಕೊಳ್ಳುವ ಮುದುಕರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಬಂದ ಹಣವನ್ನು ಬ್ಯಾಂಕು ಸಾಲಕ್ಕೆ ಹಿಡಿದುಕೊಂಡರೆ ಸುಮ್ಮನಿರಬೇಡಿ. 2024ರಲ್ಲಿ ಬರ ಪರಿಹಾರದ ಹಣವನ್ನು ಸಾಲಕ್ಕೆ ಹೊಂದಿಸಬಾರದೆಂದು ಸರ್ಕಾರ ಬ್ಯಾಂಕುಗಳಿಗೆ ಸೂಚಿಸಿತ್ತು. ಶಾಖೆಯಲ್ಲಿ ಲಿಖಿತವಾಗಿ ಕೇಳಿ, ಪ್ರತಿಯನ್ನು ತಹಶೀಲ್ದಾರರಿಗೂ ಕೊಡಿ.

ಬರದ ಪರಿಹಾರದ ದಾರಿ ಸ್ವಲ್ಪ ಬೇರೆ. ಅಲ್ಲಿ ಮೊದಲು ತಾಲ್ಲೂಕು ಬರಪೀಡಿತ ಎಂದು ಘೋಷಣೆ ಆಗಬೇಕು. ಮಳೆ ಕೊರತೆ, ಒಣಹವೆಯ ದಿನಗಳು, ತೇವಾಂಶ, ಬೆಳೆಯ ಸ್ಥಿತಿ ನೋಡಿ, ಆಯ್ದ ಶೇ 10ರಷ್ಟು ಹಳ್ಳಿಗಳಲ್ಲಿ ಹೊಲ ಪರಿಶೀಲಿಸಿ ನಿರ್ಧರಿಸುತ್ತಾರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಮನೆಮನೆ ಅರ್ಜಿ ಇರಲಿಲ್ಲ, ಫ್ರೂಟ್ಸ್ ಮತ್ತು ಬೆಳೆ ಸಮೀಕ್ಷೆ ಎರಡನ್ನೂ ಹೊಂದಿಸಿ ಪಟ್ಟಿ ತಾನಾಗಿಯೇ ತಯಾರಾಯಿತು. ಮೊದಲ ಕಂತೆಂದು ರಾಜ್ಯವೇ ಗರಿಷ್ಠ 2,000 ರೂಪಾಯಿ ಹಾಕಿತು. ಉಳಿದದ್ದು ಬಂದದ್ದು ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, 2024ರ ಏಪ್ರಿಲ್‌ನಲ್ಲಿ ಕೇಂದ್ರ 3,454 ಕೋಟಿ ಬಿಡುಗಡೆ ಮಾಡಿದ ಮೇಲೆ. ರಾಜ್ಯ ಕೇಳಿದ್ದು 18,171 ಕೋಟಿ. ಮುಂಗಾರಿಗೆ ಕಳೆದ ಬೆಳೆಯ ನೆರವು ಮುಂದಿನ ಮುಂಗಾರಿನ ಬಾಗಿಲಲ್ಲಿ ಬಂತು. ಬೀಜ ಗೊಬ್ಬರದ ನೆರವೆಂದು ಹೆಸರಿಟ್ಟ ಹಣ ಬಿತ್ತನೆಯ ಹೊತ್ತಿಗೆ ಕೈಗೆ ಬರದಿದ್ದರೆ ರೈತ ಬಡ್ಡಿಗೆ ತರುತ್ತಾನೆ. ಇದು ಎಲ್ಲ ಕಚೇರಿಗಳಿಗೂ ಗೊತ್ತಿರುವ ಸಂಗತಿ.

ಬೆಳೆ ವಿಮೆ ಇದಕ್ಕೆ ಸಂಬಂಧಪಟ್ಟದ್ದಲ್ಲ. ವಿಮೆ ಕಟ್ಟಿದವರಿಗೆ ಪರಿಹಾರವೂ ಬರುತ್ತದೆ, ವಿಮೆಯೂ ಬರಬಹುದು. ಆದರೆ ಸ್ಥಳೀಯ ವಿಕೋಪದ ನಷ್ಟವಾದರೆ ಯೋಜನೆಯಲ್ಲಿ ಒಳಗೊಂಡಿರುವ ಕಾರಣಗಳಿಗೆ 72 ಗಂಟೆಯೊಳಗೆ ವಿಮಾ ಕಂಪನಿಗೆ ತಿಳಿಸಬೇಕು, ಸಹಾಯವಾಣಿ 14447. ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟರೆ ವಿಮೆಗೆ ಹೇಳಿದಂತೆ ಆಗುವುದಿಲ್ಲ.

ಇಷ್ಟೆಲ್ಲ ಸರಿಯಿದ್ದೂ ಕೈಗೆ ಬಿಡಿಗಾಸು ಬಾರದವರು ಲಾವಣಿಗೆ (ದುಡ್ಡು ಕೊಟ್ಟು ಗುತ್ತಿಗೆಗೆ), ಪಾಲಿಗೆ ಹೊಲ ಮಾಡಿದವರು. ಬೀಜ ಅವರದು, ಗೊಬ್ಬರ ಅವರದು, ಮುಂಗಡ ಕೊಟ್ಟ ಲಾವಣಿ ದುಡ್ಡೂ ಅವರದು. ಪಹಣಿ ಮಾತ್ರ ಮಾಲೀಕರದು, ಹಣ ಹೋಗುವುದು ಪಹಣಿಗೆ. ಗೇಣಿಯನ್ನು ಕಾನೂನು ನಿಷೇಧಿಸಿರುವುದರಿಂದ ಯಾರೂ ಕಾಗದ ಮಾಡಿಕೊಡುವುದಿಲ್ಲ, ಹನ್ನೆರಡನೇ ಕಾಲಂನಲ್ಲಿ ಸಾಗುವಳಿದಾರನೆಂದು ಹೆಸರು ಬರೆಸಲೂ ಒಪ್ಪುವುದಿಲ್ಲ. ಕೆಲವು ಊರುಗಳಲ್ಲಿ ಯುಗಾದಿಗೆ ಲಾವಣಿ ಮಾತಾಡುವಾಗಲೇ ಹಿರಿಯರ ಮುಂದೆ ಇದನ್ನೂ ಸೇರಿಸುತ್ತಾರೆ: ಬೆಳೆ ಹೋಗಿ ಸರ್ಕಾರದ ಹಣ ಬಂದರೆ ಮಾಲೀಕರು ಅರ್ಧ ಕೊಡಬೇಕು, ಇಲ್ಲವೇ ಅಷ್ಟನ್ನು ಮುಂದಿನ ಲಾವಣಿಯಲ್ಲಿ ಮುರಿದುಕೊಳ್ಳಬೇಕು. ದುಡ್ಡು ಎಣಿಸಿ ಕೊಡುವ ಮೊದಲು, ಇಬ್ಬರು ಸಾಕ್ಷಿಗಳು ಎದುರಿಗೆ ಇರುವಾಗಲೇ, ಈ ಮಾತು ಆಡಿ ಮುಗಿಸಬೇಕು.